ಎರೆಭೂಮಿಯಿಂದ ಹಟ್ಟಿಯವರೆಗೆ

ಅಮರಕೋಶವು ಭೂಮಿಯನ್ನು ‘ಅಚಲಾ’ ಎಂದೂ ಪರ್ವತವನ್ನು ‘ಅಚಲ’ ಎಂದೂ ಕರೆದಿದೆ. ಬಹುಕಾಲ ಶಾಲೆಯಲ್ಲಿ ಈ ಪಾಠವನ್ನು ಹೇಳಿದ ನಾವು, ಈಚೆಗೆ ದೇವರ ಹಿಪ್ಪರಗಿಯಿಂದ ದಕ್ಷಿಣಕ್ಕೆ ಪ್ರಯಾಣ ಮಾಡುವಾಗ ಆ ಹೆಸರುಗಳನ್ನು ಪುನಃ ವಿಚಾರಿಸಬೇಕಾಯಿತು.

ವಿಜಯಪುರ ಜಿಲ್ಲೆಯ ಈ ಊರು ಶಿವಶರಣ ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಪ್ರಸಿದ್ಧವಾದುದು. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಎರೆಭೂಮಿ; ಹಿಂಗಾರಿಯಲ್ಲಿ ಬಿಳಿಜೋಳವೂ ಕಡಲೆಯೂ ಬೆಳೆಯುವುವು. ಈ ಮಣ್ಣು ಅಗ್ನಿಯ ಸಂತಾನ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಶಿಲಾರಸವು ಪದರದ ಮೇಲೆ ಪದರವಾಗಿ ಹರಡಿ ಕಪ್ಪುಕಲ್ಲಾಯಿತು. ಆ ಕಲ್ಲು ಸವೆದು ಎರೆಯಾಯಿತು. ದಖ್ಖನಿನಲ್ಲಿ ಇಂದಿಗೂ ಆ ಕಲ್ಲು ಸುಮಾರು 5 ಲಕ್ಷ ಚದರ ಕಿಲೋಮೀಟರು ವ್ಯಾಪಿಸಿದೆ.

ತಾಳಿಕೋಟೆಯ ಬಳಿ ನೆಲವು ಬದಲಾಗುವುದು. ಅಲ್ಲಿಯ ಹಾಸುಗಲ್ಲುಗಳು ಪುರಾತನ ಸಮುದ್ರದ ತಳದಲ್ಲಿ ನೆಲೆಗೊಂಡ ಸುಣ್ಣಕಲ್ಲು. ಕೃಷ್ಣೆಯನ್ನು ದಾಟಿ ಗ್ರಾನೈಟು ಬಂಡೆಗಳ ನಡುವೆ ಸಾಗಿದರೆ, ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಮರಳಿ ಕಪ್ಪುಕಲ್ಲು ಕಾಣಬರುವುದು. ಆದರೆ ಇದು ಹಿಪ್ಪರಗಿಯ ಕಲ್ಲಲ್ಲ. ಹಸಿರು ಛಾಯೆಯುಳ್ಳುದು, 250 ಕೋಟಿ ವರ್ಷಗಳಿಗಿಂತಲೂ ಹಳೆಯದು.

ಈ ಶಿಲೆಗಳಲ್ಲಿ ಕೆಲವು ದಿಂಬುಗಳನ್ನು ಒಟ್ಟಿದಂತೆ ತೋರುವುವು. ಶಿಲಾರಸವು ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಇಂತಹ ಆಕಾರವು ಬರುವುದು. ಆದುದರಿಂದ ಇಲ್ಲಿ ಒಮ್ಮೆ ಕಡಲಿತ್ತು. ಕಡಲ ತಳದ ಒಂದು ಫಲಕವು ಮತ್ತೊಂದರ ಕೆಳಗೆ ಜಾರಿದಾಗ, ಅದರೊಡನೆ ಇಳಿದ ನೀರು ಮೇಲಣ ಶಿಲೆಯನ್ನು ಸುಲಭವಾಗಿ ಕರಗಿಸುವುದು. ಕರಗಿದ ರಸವು ಮೇಲೇರಿ ಅಗ್ನಿಪರ್ವತಗಳ ಸಾಲನ್ನು ಧನುಸ್ಸಿನಂತೆ ಕಟ್ಟುವುದು. ಇಂದು ಜಪಾನು, ಜಾವಾಗಳಲ್ಲಿ ನಡೆಯುತ್ತಿರುವುದು ಇದೇ. ಹಟ್ಟಿಯ ಸಾಲೂ ಹೀಗೆಯೇ ಹುಟ್ಟಿತೆಂದು ಅನೇಕ ಭೂಶಾಸ್ತ್ರಜ್ಞರ ಮತ. ಬಳಿಕ ಆ ಪದರಗಳು ಒತ್ತಲ್ಪಟ್ಟು ಮಡಿಚಿ ನೆಟ್ಟಗೆ ನಿಂತುವು. ಅವುಗಳ ಬಿರುಕುಗಳಲ್ಲಿ ಹರಿದ ಬಿಸಿನೀರು ಚಿನ್ನವನ್ನು ಇಳಿಸಿಹೋಯಿತು. ಆ ಚಿನ್ನವನ್ನು ಈಗಲೂ ಗಣಿಯಿಂದ ತೆಗೆಯುತ್ತಿರುವರು.

ಅಂತಹ ಪರ್ವತಗಳೇ ಮಳೆಗಾಳಿಗಳಿಂದ ಸವೆದು ನೆಲಸಮವಾದುವು ಎಂದ ಬಳಿಕ ನಮ್ಮ ಹೊಲದ ಮಣ್ಣಿನ ಪಾಡೇನು? ಮೊಳದಷ್ಟು ಎರೆಯಾಗಲು ಸಹಸ್ರಾರು ವರ್ಷಗಳು ಬೇಕು. ಒಡ್ಡು ಒಡೆದರೆ ಅದು ಡೋಣಿ ನದಿಯ ಪಾಲಾಗಲು ಕೆಲವೇ ಜಡಿಮಳೆಗಳು ಸಾಕು. ಚಿನ್ನವಿಲ್ಲದೆ ಸಂಸಾರವು ಸಾಗೀತು, ಜೋಳವಿಲ್ಲದೆ ಸಾಗದು. ಮಳೆಗಾಲಕ್ಕೆ ಮುನ್ನ ಹೊಲದ ಒಡ್ಡನ್ನು ಭದ್ರಪಡಿಸುವ ಗೃಹಸ್ಥನೇ ಈ ಶಾಸ್ತ್ರವನ್ನು ಸರಿಯಾಗಿ ಓದಿದವನು.