ಮೊದಲು ಯಾವುದು, ಕೊನೆಗೆ ಯಾವುದು?

ಹಾಸ್ಟೆಲ್ಲಿನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಧಾರವಾಡದಲ್ಲಿ ಪದವಿ ಓದುತ್ತಿದ್ದ ನಾಲ್ವರಲ್ಲಿ ಕಿತ್ತೂರಿನವನು ‘ಕಿತ್ತೂರ’, ಸವದತ್ತಿಯವನು ‘ಸವದತ್ತಿ’, ರಾಮದುರ್ಗದವನು ‘ರಾಮದುರ್ಗ’, ನಾನು ‘ಬೈಲಹೊಂಗಲ’. ಈಗ ನಾಲ್ವರೂ ಅರವತ್ತರ ಆಚೀಚೆ ಇದ್ದೇವೆ. ಆದರೂ ಫೋನು ಎತ್ತಿದರೆ ‘ಏನಲೇ ಬೈಲಹೊಂಗಲ’ ಎಂದೇ ಮಾತು ಶುರುವಾಗುತ್ತದೆ. ಮೂವತ್ತು ವರ್ಷ ಗಣಿತ ಕಲಿಸಿ ‘ಸರ್’ ಎನಿಸಿಕೊಂಡ ನನಗೆ ಆ ಕರೆ ಕೇಳಿದರೆ ಇವತ್ತಿಗೂ ಹಿತವೆನಿಸುತ್ತದೆ.

ನಾಲ್ಕೂ ಊರಿನವರನ್ನು ಕಟ್ಟಿಹಾಕಿರುವುದು ಒಂದೇ ಹೊಳೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿ ದಾಟಿ, ಬೈಲಹೊಂಗಲದ ಹೊಲಗಳನ್ನು ಸವರಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ಸ್ವಲ್ಪ ನಿಂತು, ರಾಮದುರ್ಗದ ಪಕ್ಕದಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ವರ್ಷಕ್ಕೊಮ್ಮೆ ಸಂಕ್ರಮಣದ ಆಸುಪಾಸು ಒಬ್ಬರ ಊರಿನಲ್ಲಿ ಕೂಡುವುದು ನಮ್ಮ ರೂಢಿ.

ಈ ಸಲ ಪಾಳಿ ನನ್ನದಿತ್ತು. ಸವದತ್ತಿ ಇಂಗ್ಲೆಂಡಿನಲ್ಲಿ ಎಂಜಿನಿಯರ್ ಆಗಿದ್ದವನು. ಅವನು ಎರಡು ತಿಂಗಳು ಮೊದಲೇ ಫೋನು ಮಾಡಿದ. ‘ಈ ಸಲ ಕುಡಿಯೂದಲ್ಲಲೇ, ರುಚಿ ನೋಡೂದು. ನಾಲ್ಕು ಥರದ ವಿಸ್ಕಿ. ಎರಡು ನಾ ತರ್ತೀನಿ, ಎರಡು ಬೆಳಗಾವಿಯೊಳಗ ಸಿಗತಾವು. ಯಾವುದರ ಹಿಂದ ಯಾವುದು ಅನ್ನೂದು ನೀ ಬರದಿಡು. ಗಣಿತದ ಮಾಸ್ತರ ಅದಿ.’

ನಾನು ಕುಡುಕನಲ್ಲ, ವರ್ಷಕ್ಕೆ ಒಂದೆರಡು ಸಲ, ಗೆಳೆಯರು ಕೂಡಿದಾಗ. ಆದರೆ ‘ಕ್ರಮ’ ಎಂದೊಡನೆ ನನಗೆ ಉಮೇದು ಬಂತು. ಒಂದು ನೋಟುಬುಕ್ಕು ತೆಗೆದೆ. ಬೆಳಗಾವಿಯ ಒಬ್ಬ ಪರಿಚಯದವರನ್ನು ಕೇಳಿದೆ, ಪುಸ್ತಕ ನೋಡಿದೆ. ತಿಳಿದದ್ದು ಇಷ್ಟು. ಹಗುರವಾದದ್ದು ಮೊದಲು, ಗಡುಸಾದದ್ದು ಆಮೇಲೆ. ಕಡಿಮೆ ಶಕ್ತಿಯದು ಮೊದಲು, ಹೆಚ್ಚಿನದು ನಂತರ. ಹೊಗೆಯ ವಾಸನೆಯದು ಎಲ್ಲದಕ್ಕಿಂತ ಕೊನೆಗೆ. ಸ್ಕಾಟ್ಲೆಂಡಿನ ಐಲಾ ಎಂಬ ದ್ವೀಪದಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಲು ಜವುಗು ನೆಲದ ಪೀಟ್ ಎಂಬ ಮಣ್ಣಿನ ಹೆಂಟೆಗಳನ್ನು ಉರಿಸುತ್ತಾರೆ. ಆ ಹೊಗೆ ಕಾಳಿನೊಳಗೆ ಹೊಕ್ಕು ಬಾಟಲಿಯವರೆಗೂ ಬರುತ್ತದೆ. ಅದೊಮ್ಮೆ ನಾಲಿಗೆಗೆ ಹತ್ತಿದರೆ ಮುಂದಿನದರ ರುಚಿ ತಿಳಿಯುವುದಿಲ್ಲ.

ಮೊದಲ ಎರಡು ಸುಲಭವಾಗಿ ಕುಳಿತವು: ಒಂದು 40 ಪ್ರತಿಶತದ್ದು, ಇನ್ನೊಂದು 43ರದ್ದು. ತೊಡಕಾದದ್ದು ಉಳಿದ ಎರಡರಲ್ಲಿ. ಒಂದು ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್. 1948ರಲ್ಲಿ ಶುರುವಾದ ಆ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ. ಬೇರಿನ ಅಂಗಡಿಗೇ ಬೇರು ಮಾರಿದ ಹಾಗೆ! ಫ್ಯೂಷನ್ನಿನಲ್ಲಿ ನಮ್ಮ ದೇಶದ ಬಾರ್ಲಿಯೂ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಕೂಡಿವೆ. ಶಕ್ತಿ 50 ಪ್ರತಿಶತ. ಇನ್ನೊಂದು ಐಲಾದ್ದು, ಶಕ್ತಿ 46, ಆದರೆ ತುಂಬ ಹೊಗೆ. ಶಕ್ತಿಯ ನಿಯಮ ಹಿಡಿದರೆ ಬೆಂಗಳೂರಿನದು ಕೊನೆಗೆ ಬರಬೇಕು, ಹೊಗೆಯ ನಿಯಮ ಹಿಡಿದರೆ ಐಲಾದ್ದು.

ಎರಡು ದಿನ ಇದನ್ನೇ ಯೋಚಿಸಿದೆ. ಶಕ್ತಿಯನ್ನು ನೀರು ಹಾಕಿ ಇಳಿಸಬಹುದು, ಹೊಗೆಯನ್ನು ಹಾಗೆ ತೆಗೆಯಲಾಗದು. ಹಾಗಾಗಿ ಹೊಗೆಯ ನಿಯಮವೇ ದೊಡ್ಡದು ಎಂದು ತೀರ್ಮಾನಿಸಿದೆ. 50ರದ್ದನ್ನು 43ಕ್ಕೆ ತರಲು 15 ಮಿಲಿಗೆ ಸುಮಾರು ಎರಡೂವರೆ ಮಿಲಿ ನೀರು, ಅಂದರೆ ಅರ್ಧ ಚಹಾ ಚಮಚ. ಒಬ್ಬೊಬ್ಬರಿಗೆ ನಾಲ್ಕು ಸಲ 15 ಮಿಲಿ, ಒಟ್ಟು 60. ನಡುನಡುವೆ ನೀರು, ಉಪ್ಪು-ಖಾರವಿಲ್ಲದ ಚುರಮರಿ. ಪ್ರತಿ ಸಲ ಕುಡಿಯುವ ಮೊದಲು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಎರಡು ನಿಮಿಷ ವಾಸನೆ ನೋಡುವುದು. ರುಚಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಮೂಗಿನದೇ ಅಂತೆ. ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಆ ನೋಟುಬುಕ್ಕು ಮಗಳ ಕೈಗೆ ಸಿಕ್ಕಿತು. ಅವಳು ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಾಳೆ, ರಸಾಯನಶಾಸ್ತ್ರ. ರಜೆಗೆ ಬಂದವಳು ಹಾಳೆಯನ್ನು ಪ್ರಶ್ನೆಪತ್ರಿಕೆಯಂತೆ ಓದಿದಳು. ಬಚ್ಚಿಡಬೇಕಾದದ್ದನ್ನು ಮೇಜಿನ ಮೇಲೆ ಬಿಟ್ಟದ್ದಕ್ಕೆ ನನಗೆ ನಾಚಿಕೆಯಾಯಿತು.

‘ಲೆಕ್ಕ ಬರೋಬ್ಬರಿ ಐತ್ರಿ ಅಪ್ಪಾ,’ ಎಂದಳು. ‘60 ಮಿಲಿ ಅಂದ್ರ ಒಂದು ಲಾರ್ಜ್ ಪೆಗ್ ಆತು. ಸರಾಸರಿ 45 ಪ್ರತಿಶತ ಹಿಡಿದ್ರ ಅದರೊಳಗ ಶುದ್ಧ ಆಲ್ಕೋಹಾಲು 27 ಮಿಲಿ, ತೂಕ 21 ಗ್ರಾಂ.’ ಆಮೇಲೆ ತುಸು ಸುಮ್ಮನಿದ್ದು, ‘ಇದರೊಳಗ ರಾಮದುರ್ಗ ಕಾಕಾ ಎಲ್ಲಿ ಬರ್ತಾರ್ರಿ?’ ಎಂದು ಕೇಳಿದಳು.

ಹಾಳೆಯ ಕೊನೆಯಲ್ಲಿ, ಗೆರೆಯ ಕೆಳಗೆ, ಸಣ್ಣದಾಗಿ ಬರೆದಿದ್ದೆ: ‘ರಾಮದುರ್ಗಕ್ಕೆ ಲಿಂಬು ಸೋಡಾ.’

ರಾಮದುರ್ಗ ನಾಲ್ಕು ವರ್ಷದಿಂದ ಕುಡಿದಿಲ್ಲ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಕುಡಿದ. ನೇಕಾರರ ಮನೆಯ ಹುಡುಗ, ನಮ್ಮಲ್ಲೇ ಜಾಣ. ಮೊದಮೊದಲು ಬಾಟಲಿ, ಕೈ ಸಣ್ಣದಾದ ಮೇಲೆ ಸಾರಾಯಿ ಪಾಕೀಟು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅವನ ಕುಡಿತ ನಿಲ್ಲಲಿಲ್ಲ, ಖರ್ಚು ಮಾತ್ರ ಹೆಚ್ಚಿತು. ಎರಡು ಮಗ್ಗ ಹೋದವು, ಹೆಂಡತಿ ತವರಿಗೆ ಹೋಗಿ ಬಂದಳು. ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಇದ್ದು ಬಿಟ್ಟವನು ಮತ್ತೆ ಮುಟ್ಟಿಲ್ಲ.

ಇಷ್ಟು ನನ್ನ ಮಗಳಿಗೆ ಗೊತ್ತು. ಗೊತ್ತಿಲ್ಲದ್ದು ಒಂದಿತ್ತು. 1984ರಲ್ಲಿ ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲ್ಲಿನ ಕೋಣೆಯಲ್ಲಿ ನಾವು ಒಂದು ಬಾಟಲಿ ತೆರೆದೆವು. ರಾಮದುರ್ಗ ಒಲ್ಲೆನೆಂದು ಗೋಡೆಗೆ ಒರಗಿ ಕುಳಿತಿದ್ದ. ‘ಒಂದ ಗುಟುಕು ತಗೋಲೇ, ಏನ್ ಸಾಯೂದಿಲ್ಲ’ ಎಂದು ಅವನ ಕೈಗೆ ಗ್ಲಾಸು ಕೊಟ್ಟವನು ನಾನು. ನಾಲ್ವರೂ ಅದೇ ರಾತ್ರಿ ಶುರು ಮಾಡಿದೆವು. ಮೂವರಿಗೆ ಅದು ಕಥೆಯಾಯಿತು, ಒಬ್ಬನಿಗೆ ರೋಗವಾಯಿತು. ಯಾರಿಗೆ ಯಾವುದಾಗುತ್ತದೆಂದು ಗ್ಲಾಸು ಕೊಡುವವನಿಗೂ ಗೊತ್ತಿರುವುದಿಲ್ಲ, ಇಸಿದುಕೊಳ್ಳುವವನಿಗೂ ಗೊತ್ತಿರುವುದಿಲ್ಲ.

ಅವತ್ತು ಸಂಜೆ ರಾಣಿ ಚೆನ್ನಮ್ಮನ ಸಮಾಧಿಯ ತೋಟದಲ್ಲಿ ಕುಳಿತು ರಾಮದುರ್ಗಕ್ಕೆ ಫೋನು ಮಾಡಿದೆ. ಸುತ್ತಿ ಬಳಸಿ ಹೇಳಿದೆ. ಅವನು ನಕ್ಕ. ‘ಬರ್ತೀನೋ ಮಾರಾಯಾ. ಬಾಟಲಿ ನೋಡೂದು ತಡಕೋತೀನಿ. ವಾಸನಿ ಅಷ್ಟು ತಡಕೊಳ್ಳಾಕ ಆಗೂದಿಲ್ಲ. ನೀವು ಅದನ್ನು ಮಾಡು ಮುಂದ ನಾ ಹೊರಗ ಕಟ್ಟೀ ಮ್ಯಾಲ ಕುಂತಿರ್ತೀನಿ.’

ನನ್ನ ಪಟ್ಟಿಯಲ್ಲಿ ಪ್ರತಿ ಗ್ಲಾಸಿಗೆ ಎರಡು ನಿಮಿಷ ವಾಸನೆ ಬರೆದಿದ್ದೆ. ನಾಲ್ಕು ಗ್ಲಾಸು, ಮೂರು ಜನ, ಒಂದೇ ಕೋಣೆ. ಇಡೀ ಮನೆಯೇ ನಾರುತ್ತಿತ್ತು. ಸಂಕ್ರಮಣದ ಚಳಿಯಲ್ಲಿ ಅವನು ಕಟ್ಟೆಯ ಮೇಲೆ ಕೂಡಬೇಕು, ಒಳಗೆ ನಾವು ಯಾವುದರ ಹಿಂದೆ ಯಾವುದು ಎಂದು ಚರ್ಚಿಸಬೇಕು. ಮನೆಗೆ ಬಂದು ಮಗಳಿಗೆ 1984ರ ರಾತ್ರಿಯನ್ನು ಹೇಳಿದೆ. ಹೇಳಬೇಕೋ ಬೇಡವೋ ಎಂದು ಬಾಗಿಲಲ್ಲಿ ಸ್ವಲ್ಪ ನಿಂತದ್ದುಂಟು. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಕ್ರಮ ಹಂಗ ಇರಲ್ರಿ, ವಸ್ತು ಬದಲಿ ಮಾಡೂಣು,’ ಎಂದಳು.

ಸವದತ್ತಿಗೆ ಸಿಟ್ಟು ಬಂತು. ‘ಅಷ್ಟು ದೂರದಿಂದ ಹೊತ್ತು ತಂದೀನಿ. ಒಬ್ಬನ ಸಲುವಾಗಿ ಮೂರು ಮಂದಿ ಬಿಡಬೇಕೇನು?’ ಎಂದ. ನಾನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು, ಅಂದರೆ ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದದ್ದನ್ನು, ಅವನಿಗೆ ಓದಿ ಹೇಳಬಹುದಿತ್ತು. ಹೇಳಲಿಲ್ಲ. ‘ಮೊದಲನೇ ಗ್ಲಾಸು ಯಾರು ಕೊಟ್ಟಿದ್ದು ನೆನಪೈತೇನು?’ ಎಂದಷ್ಟೇ ಕೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಬಾಟಲಿ ತಂದಿದ್ದು ಅವನೇ.

ಸಂಕ್ರಮಣದ ಮರುದಿನ ನಾವು ಕೂಡಿದ್ದು ನಮ್ಮ ಮನೆಯಲ್ಲಲ್ಲ, ಕಿತ್ತೂರನ ಹೊಲದ ಗಾಣದಲ್ಲಿ. ಪಟ್ಟಿ ಮಗಳು ಬರೆದಳು. ಮೊದಲು ಕಬ್ಬಿನ ಹಾಲು. ಎರಡನೆಯದು ಅವತ್ತಿನ ಹೊಸ ಬೆಲ್ಲ, ಬಂಗಾರದ ಬಣ್ಣದ್ದು. ಮೂರನೆಯದು ಇನ್ನೂ ಕಪ್ಪಾಗಿ ಬೆಂದ ಬೆಲ್ಲ. ನಾಲ್ಕನೆಯದು ಹಿಂದಿನ ವರ್ಷದ ಪೆಂಟಿ, ಕೊನೆಗೆ ಜೋನಿ ಬೆಲ್ಲ. ನಡುವೆ ನೀರು ಮತ್ತು ಚುರಮರಿ. ಈ ಎರಡು ನನ್ನ ಪಟ್ಟಿಯಿಂದಲೇ ಉಳಿದವು.

ಕಿತ್ತೂರ ನಗುತ್ತ, ‘ಬೆಲ್ಲಕ್ಕ ಎಂಥಾ ಕ್ರಮಾನೋ’ ಎಂದು ಮೊದಲೇ ಜೋನಿ ಬೆಲ್ಲ ನೆಕ್ಕಿದ. ಆಮೇಲೆ ಕಬ್ಬಿನ ಹಾಲು ಕುಡಿದು ಮುಖ ಕಿವಿಚಿದ. ‘ಇದು ನೀರಾಗೇತಲ್ಲೋ!’ ಲಡ್ಡು ತಿಂದ ಮೇಲೆ ಚಹಾ ಸಪ್ಪಗಾಗುವುದು ಯಾರಿಗೆ ಗೊತ್ತಿಲ್ಲ? ನಾಲಿಗೆ ಒಂದನ್ನು ಹಿಂದಿನದಕ್ಕೆ ಹೋಲಿಸಿಯೇ ಅಳೆಯುತ್ತದೆ. ದೊಡ್ಡದನ್ನು ಮೊದಲು ಕೊಟ್ಟರೆ ಸಣ್ಣದು ಸತ್ತೇ ಹೋಗುತ್ತದೆ. ಇಷ್ಟು ತಿಳಿಯಲು ವಿಸ್ಕಿ ಬೇಕಾಗಿರಲಿಲ್ಲ.

ಕೊಪ್ಪರಿಗೆಯ ಪಕ್ಕದಲ್ಲಿ ಮಗಳಿಗೂ ಕಿತ್ತೂರನಿಗೂ ದೊಡ್ಡ ಚರ್ಚೆ ನಡೆಯಿತು. ಹಾಲಿನ ಕೊಳೆ ತೆಗೆಯಲು ಸುಣ್ಣ, ಬೆಂಡಿಗಿಡದ ಲೋಳೆ. ಬಣ್ಣ ತಿಳಿಯಾಗಲೆಂದು ಕೆಲವರು ಹಾಕುವ ಹೈಡ್ರೋಸ್. ‘ಪ್ಯಾಟ್ಯಾಗ ಬಿಳೀ ಬೆಲ್ಲಕ್ಕ ಹೆಚ್ಚಿನ ರೊಕ್ಕ ಕೊಡತಾರವ್ವಾ, ರುಚಿ ಕರೇದಕ್ಕ,’ ಎಂದ ಕಿತ್ತೂರ. ಇದೇ ಕಬ್ಬು ಕಾರ್ಖಾನೆಗೆ ಹೋದರೆ ಸಕ್ಕರೆ, ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ, ಕಾಕಂಬಿಯನ್ನು ಹುಳಿಸಿ ಬಟ್ಟಿ ಇಳಿಸಿದರೆ ಮದ್ಯಸಾರ. ನಮ್ಮ ದೇಶದಲ್ಲಿ ಅಗ್ಗದ ಬಾಟಲಿಗಳ ವಿಸ್ಕಿಯಲ್ಲಿ ಬಹುಪಾಲು ಇದೇ. ಸ್ಕಾಟ್ಲೆಂಡಿನ ಕಾಯಿದೆ ಇದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಅಲ್ಲಿ ಕಾಳಿನಿಂದಲೇ ತೆಗೆದು, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇಡಬೇಕು. ಇದನ್ನೆಲ್ಲ ಸವದತ್ತಿ ಹೇಳಿದ. ಬಂದಾಗಿನಿಂದ ಬಿಗಿದುಕೊಂಡಿದ್ದವನು ಮಾತಿಗೆ ಬಂದದ್ದು ಆಗಲೇ.

ರಾಮದುರ್ಗ ಕರೀ ಬೆಲ್ಲದ ತುಣುಕನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕುಳಿತಿದ್ದ. ‘ಸುಟ್ಟ ವಾಸನಿ ಐತಿ, ಛಲೋ ಐತಿ,’ ಎಂದ. ಹಿಂದಿನ ವರ್ಷದ ಪೆಂಟಿಯಲ್ಲಿ ಉಪ್ಪಿನ ಎಳೆಯಿದೆ ಎಂದು ಹಿಡಿದದ್ದೂ ಅವನೇ. ಕಿತ್ತೂರ ಎದ್ದು ನಿಂತು, ‘ಹೌದಲೇ, ಅದು ಸವುಳು ನೆಲದ ಕಬ್ಬು!’ ಎಂದ. ನಮ್ಮಲ್ಲಿ ನಾಲಿಗೆ ಚುರುಕಿದ್ದವನು ಅವನೊಬ್ಬನೇ ಎಂದು ನನಗೆ ನಲವತ್ತು ವರ್ಷಕ್ಕೆ ತಿಳಿಯಿತು.

ಸಂಜೆ ಬಸ್ಸಿಗೆ ನಿಂತಾಗ ನಾನು ಹಾಸ್ಟೆಲ್ಲಿನ ರಾತ್ರಿಯ ಮಾತು ತೆಗೆದೆ. ಅವನು ಅಡ್ಡ ಬಂದು, ‘ಕೊಟ್ಟಾವ ನೀ, ತಗೊಂಡಾವ ನಾ. ಅರ್ಧರ್ಧ ಹಂಚಿಕೊಳ್ಳೂಣು,’ ಎಂದ. ಅರ್ಧ ನನ್ನದೆಂದು ಅವನು ಒಪ್ಪಿದ್ದು ನನಗೆ ಕ್ಷಮೆಗಿಂತ ದೊಡ್ಡದೆನಿಸಿತು.

ಬಾಟಲಿಗಳನ್ನು ಸವದತ್ತಿ ಬಿಚ್ಚದೆ ಬೆಂಗಳೂರಿನ ತಮ್ಮನ ಮನೆಗೆ ಒಯ್ದ. ಮುಂದಿನ ಸಲದ ಪಾಳಿ ರಾಮದುರ್ಗದ್ದು. ಜೋಳದ ರೊಟ್ಟಿಗೆ ಆರು ಥರದ ಚಟ್ನಿ ಮಾಡಿಸುತ್ತಾನಂತೆ. ಗುರೆಳ್ಳು, ಅಗಸಿ, ಶೇಂಗಾ, ಪುಠಾಣಿ, ಬಳ್ಳೊಳ್ಳಿ, ಕೆಂಪು ಖಾರ. ಕ್ರಮ ತಾನೇ ಬರೆಯುತ್ತೇನೆ, ಗಣಿತದ ಮಾಸ್ತರ ಕೈ ಹಾಕುವುದು ಬೇಡ ಎಂದು ತಾಕೀತು ಮಾಡಿದ್ದಾನೆ. ಕೆಂಪು ಖಾರ ಕೊನೆಗೇ ಇರಲಿ ಎಂದು ಮಾತ್ರ ಹೇಳಿಕಳಿಸಿದ್ದೇನೆ.