ಕತ್ತರಿಸಿಹೋದ ಕಾಲುಭಾಗ

ಪ್ರೌಢಶಾಲೆಯಲ್ಲಿ ನಾನು ಅನುಪಾತ, ಸಮಾನುಪಾತಗಳನ್ನು ಬೋಧಿಸುತ್ತಿದ್ದಾಗ ‘ಇದರಿಂದ ಮುಂದೆ ಏನು ಪ್ರಯೋಜನ ಸಾರ್?’ ಎಂದು ಯಾರಾದರೊಬ್ಬರು ಕೇಳದ ವರ್ಷವೇ ಇರಲಿಲ್ಲ. ಸಿಮೆಂಟು, ಮರಳು, ಜಲ್ಲಿ ಎಂದು ಏನೋ ಒಂದು ಉದಾಹರಣೆ ಕೊಟ್ಟು ಮುಂದೆ ಸಾಗುತ್ತಿದ್ದೆ. ಅದಕ್ಕಿಂತ ಸೊಗಸಾದ ಉದಾಹರಣೆಯೊಂದು ನಿವೃತ್ತನಾದ ಮೇಲೆ ಜಪಾನಿನ ಕಾರ್ಟೂನ್ ಧಾರಾವಾಹಿಯೊಂದರ ಡಿವಿಡಿಗಳಲ್ಲಿ ದೊರೆತಿದೆ.

ಧಾರಾವಾಹಿಯ ಹೆಸರು ‘ಡ್ರ್ಯಾಗನ್ ಬಾಲ್ ಝಡ್’. ಅಕಿರಾ ತೋರಿಯಾಮಾ ಅವರ ಚಿತ್ರಕಥಾಮಾಲೆಯನ್ನು ಆಧರಿಸಿ ತೋಯೆ ಆನಿಮೇಷನ್ ಸಂಸ್ಥೆ ನಿರ್ಮಿಸಿದ ಇದರ 291 ಕಂತುಗಳು 1989ರಿಂದ 1996ರವರೆಗೆ ಜಪಾನಿನಲ್ಲಿ ಪ್ರಸಾರವಾದವು. 2000ದ ದಶಕದಲ್ಲಿ ನಮ್ಮ ದೇಶದ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿಯೂ ಬರುತ್ತಿತ್ತು. ಶಾಲೆಯಿಂದ ಬಂದ ನನ್ನ ಮಗ ಚೀಲವನ್ನು ಮೂಲೆಗೆಸೆದು, ಡಬ್ಬಿಯಂತಹ ಆ ಹಳೆಯ ಟಿವಿಯ ಮುಂದೆ ಕುಳಿತರೆ ಕಾಫಿಗೂ ಏಳುತ್ತಿರಲಿಲ್ಲ.

ಹೊಡೆದಾಟದ ಕಥೆಯೇ ಸರಿ. ಆದರೆ ಅದರ ಜೀವವಿರುವುದು ಹಾಸ್ಯದಲ್ಲಿ. ಲೋಕವನ್ನೇ ಉಳಿಸಬಲ್ಲ ಗೋಕು, ಹೆಂಡತಿಯ ಮಾತಿಗೆ ಮಣಿದು ಕಾರು ಓಡಿಸಲು ಕಲಿಯಹೋಗುವ ಕಂತೊಂದಿದೆ. ನಗುವೆಂದರೇನೆಂದೇ ಅರಿಯದ, ಹಸಿರು ಮೈಯ ಪಿಕಲೋ ಕೂಡ ಅವನ ಸಹಪಾಠಿ! ಇನ್ನು ಗಿನ್ಯು ಪಡೆಯ ಐವರು ಖಳರು ಯುದ್ಧಕ್ಕೆ ಮುನ್ನ ಒಬ್ಬೊಬ್ಬರಾಗಿ ಭಂಗಿಗಳನ್ನು ಪ್ರದರ್ಶಿಸಿ ಸಾಲಾಗಿ ನಿಲ್ಲುವ ವೈಖರಿ, ಯಕ್ಷಗಾನದ ಒಡ್ಡೋಲಗವನ್ನು ಕಂಡವರಿಗೆ ನಗು ತರಿಸದೆ ಇರದು.

ಈಗ ಅಮೆರಿಕದಲ್ಲಿ ನೆಲೆಸಿರುವ ಮಗ, ತಾನು ಕಂಡು ಸುಖಿಸಿದ್ದನ್ನು ತನ್ನ ಮಗನಿಗೂ ತೋರಿಸಬೇಕೆಂಬ ಆಸೆಯಿಂದ, ಅಲ್ಲಿಯ ವಿತರಕರು 2007ರಿಂದ ಹೊರತಂದಿದ್ದ ಡಿವಿಡಿಗಳನ್ನು ಕೂಡಿಟ್ಟಿದ್ದಾನೆ. ಕಳೆದ ಬೇಸಿಗೆಯಲ್ಲಿ ಅಲ್ಲಿದ್ದಾಗ ಮೊಮ್ಮಗನೊಡನೆ ಕುಳಿತು ಬಹಳಷ್ಟು ಕಂತುಗಳನ್ನು ನೋಡಿದೆ. ಬಣ್ಣಗಳು ಢಾಳಾಗಿವೆ, ಗೀರುಗಳಿಲ್ಲ. ಶುನ್‌ಸುಕೆ ಕಿಕುಚಿ ಅವರ ಮೂಲ ಸಂಗೀತದೊಡನೆ ಇಂಗ್ಲಿಷ್ ಸಂಭಾಷಣೆ ಕೇಳುವ ಸೌಕರ್ಯವೂ ಇದೆ. ಆದರೂ ಮಗ ಪದೇಪದೇ ಗೊಣಗುತ್ತಿದ್ದ: “ಏನೋ ಕಡಿಮೆಯಾಗಿದೆಯಪ್ಪ.”

ಕಡಿಮೆಯಾಗಿರುವುದು ಎಷ್ಟೆಂದು ಲೆಕ್ಕ ಹಾಕಬಹುದು. ಮೂಲಚಿತ್ರದ ಅಗಲ 4 ಪಾಲು, ಎತ್ತರ 3 ಪಾಲು. ಹೊಸ ಟಿವಿಯ ಪರದೆ 16ಕ್ಕೆ 9. ಅದೇ 4 ಪಾಲು ಅಗಲವನ್ನು ಹೊಸ ಪರದೆಯ ತುಂಬ ಹರಡಿದರೆ ಎತ್ತರಕ್ಕೆ ಉಳಿಯುವುದು 4ನ್ನು 9ರಿಂದ ಗುಣಿಸಿ 16ರಿಂದ ಭಾಗಿಸಿದಷ್ಟು, ಎಂದರೆ 2.25 ಪಾಲು. ಮೂರರಲ್ಲಿ ಮುಕ್ಕಾಲು ಪಾಲು ಹೋಯಿತು. ಚಿತ್ರದ ನಾಲ್ಕನೆಯ ಒಂದು ಭಾಗ! ಅಗಲವಾದ ಪರದೆ ತುಂಬಿತೆಂದು ನೋಡುವವರು ಹಿಗ್ಗುತ್ತಾರೆ, ತುಂಬಿದ್ದು ಕತ್ತರಿಯಿಂದ. ಗೋಕುವಿನ ನೆಟ್ಟನೆಯ ಕೂದಲು ಒಮ್ಮೆ ಹೋದರೆ, ಮತ್ತೊಮ್ಮೆ ಪಾದಗಳು ಹೋಗುತ್ತವೆ. ಹೊಡೆದಾಟ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಮುಷ್ಟಿಯೊಂದು ಕಂಡರೆ ಸಾಕು. ಹಾಸ್ಯ ತಾಳದು. ಭಂಗಿಯ ಹಾಸ್ಯಕ್ಕೆ ಅಡಿಯಿಂದ ಮುಡಿಯವರೆಗೂ ಇಡೀ ದೇಹ ಬೇಕು. ಕಿರೀಟವನ್ನೂ ಗೆಜ್ಜೆಯನ್ನೂ ಬಿಟ್ಟು ವೇಷಧಾರಿಯ ಛಾಯಾಚಿತ್ರ ತೆಗೆದರೆ ಹೇಗಿದ್ದೀತು?

ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮವಾದುದು. ಈ ಚಿತ್ರಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದ ಬಣ್ಣ ಹಚ್ಚಿ, 16 ಮಿಲಿಮೀಟರ್ ಫಿಲ್ಮಿನಲ್ಲಿ ಸೆರೆಹಿಡಿಯಲಾಗಿತ್ತು. ಫಿಲ್ಮಿಗೆ ಸಹಜವಾದ ಸಣ್ಣ ಕಣಗಳನ್ನು ಕೊಳೆಯೆಂದೆಣಿಸಿ ಯಂತ್ರದಿಂದ ಅಳಿಸುವಾಗ, ಕಲಾವಿದ ಎಳೆದ ತೆಳುವಾದ ಗೆರೆಗಳೂ ಅಲ್ಲಲ್ಲಿ ಮಸುಕಾಗುತ್ತವೆ. ಹುಬ್ಬಿನ ಒಂದು ಕೊಂಕಿನಲ್ಲಿಯೇ ನಗೆ ಇರುವ ಚಿತ್ರದಲ್ಲಿ ಇದು ಸಣ್ಣ ನಷ್ಟವಲ್ಲ.

ಬೇರೆ ದಾರಿಯಿರಲಿಲ್ಲವೇ? ಇತ್ತು. ಜಪಾನಿನಲ್ಲಿ 2003ರಲ್ಲಿಯೇ ‘ಡ್ರ್ಯಾಗನ್ ಬಾಕ್ಸ್’ ಎಂಬ ಡಿವಿಡಿ ಪೆಟ್ಟಿಗೆಗಳಲ್ಲಿ ಇಡೀ ಚೌಕಟ್ಟು ಬಂದಿತ್ತು. ಅಮೆರಿಕದಲ್ಲಿಯೂ 2009ರಿಂದ 2011ರವರೆಗೆ ಅದು ಏಳು ಸಂಪುಟಗಳಲ್ಲಿ ಬಂತು. 2011ರಲ್ಲಿ ಪೂರ್ಣ ಚೌಕಟ್ಟಿನ ಬ್ಲೂ-ರೇ ಆರಂಭವಾಗಿ ಎರಡೇ ಸಂಪುಟಗಳಿಗೆ ನಿಂತಿತು. 2013ರ ಕೊನೆಗೆ ಮತ್ತೆ ಕತ್ತರಿಸಿದ ಬ್ಲೂ-ರೇಗಳೇ ಬಂದವು. ಪಕ್ಕದಲ್ಲಿ ಕಪ್ಪು ಪಟ್ಟಿ ಕಂಡರೆ ಗ್ರಾಹಕರು ಒಪ್ಪರೆಂಬ ಭಯವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಒಪ್ಪಲಾರೆ. ತೋರಿಯಾಮಾ 2024ರ ಮಾರ್ಚ್ 1ರಂದು ತೀರಿಕೊಂಡರು. ಇನ್ನು ಮುಂದಿನ ಮಕ್ಕಳಿಗೆ ಅವರ ಗೋಕು ದೊರೆಯುವುದು ಇಂತಹ ಪೆಟ್ಟಿಗೆಗಳಿಂದಲೇ.

ಮೊಮ್ಮಗನಿಗೆ ಕಾಗದದ ಮೇಲೆ ಎರಡು ಆಯತಗಳನ್ನು ಬರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, “ಹಾಗಾದರೆ ಅಪ್ಪ ನೋಡಿದ ಗೋಕು, ನಾನು ನೋಡಿದ ಗೋಕು ಬೇರೆಬೇರೆಯಾ ತಾತ?” ಎಂದು ಕೇಳಿದ. ಮಗ ತಲೆಯೆತ್ತಿ ನನ್ನತ್ತ ನೋಡಿದ. ಆ ವಾರವೇ ಅವನು ಡ್ರ್ಯಾಗನ್ ಬಾಕ್ಸಿನ ಒಂದು ಸಂಪುಟವನ್ನು ಯಾರಿಂದಲೋ ಹಳೆಯ ಬೆಲೆಯ ದುಪ್ಪಟ್ಟು ಕೊಟ್ಟು ತರಿಸಿದ. ಕಪ್ಪು ಪಟ್ಟಿಗಳಿಂದ ಟಿವಿ ಚಿಕ್ಕದಾಯಿತೆಂದು ಹುಡುಗ ಮೊದಲು ಮುಖ ಊದಿಸಿಕೊಂಡ. ಮೊನ್ನೆ ಫೋನಿನಲ್ಲಿ ಮಾತಾಡುವಾಗ, ಎರಡೂ ಡಿವಿಡಿಗಳ ಒಂದೇ ದೃಶ್ಯವನ್ನು ನಿಲ್ಲಿಸಿ ಸ್ಕೇಲಿನಿಂದ ಅಳೆಯುತ್ತಿದ್ದೇನೆಂದ. ಲೆಕ್ಕ ಇನ್ನೂ ಮುಗಿದಿಲ್ಲವಂತೆ.