ತಲೆಯ ಮೇಲಿನ ಗಂಟು

ಕಾದಂಬರಿಯನ್ನು ಬರೆಯುವುದು ಕಷ್ಟವೋ, ಬರೆದುದನ್ನು ಅಚ್ಚು ಹಾಕಿಸುವುದು ಕಷ್ಟವೋ, ಅಚ್ಚಾದುದನ್ನು ಮಾರುವುದು ಕಷ್ಟವೋ ಎಂದು ಯಾರಾದರೂ ಕೇಳಿದರೆ, ಈ ಮೂರನ್ನೂ ಮಾಡಿ ನೋಡಿದ ಮನುಷ್ಯನು ಕ್ಷಣಕಾಲವೂ ಯೋಚಿಸದೆ ಮೂರನೆಯದೇ ಎಂದು ಹೇಳಿಯಾನು. ಮೊದಲನೆಯ ಕಷ್ಟದಲ್ಲಿ ಸುಖವೂ ಬೆರೆತಿರುತ್ತದೆ. ಎರಡನೆಯದನ್ನು ಹಣದಿಂದ ದಾಟಬಹುದು. ಮೂರನೆಯದನ್ನು ದಾಟಬೇಕಾದರೆ ಸಂಕೋಚವನ್ನು ಬಿಡಬೇಕು. ಸಂಕೋಚವನ್ನು ಅಷ್ಟು ಸುಲಭವಾಗಿ ಬಿಡಬಲ್ಲವರು ಸಾಮಾನ್ಯವಾಗಿ ಕಾದಂಬರಿ ಬರೆಯುವ ಗೋಜಿಗೇ ಹೋಗುವುದಿಲ್ಲ.

ಆದರೂ ಈ ಸಾಹಸಕ್ಕೆ ಕೈಹಾಕುವವರಿಗೆ ಕನ್ನಡನಾಡಿನಲ್ಲಿ ಎಂದೂ ಕೊರತೆಯಾಗಿಲ್ಲ. ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ. ಹಗಲೆಲ್ಲ ಶಾಲೆಯಲ್ಲೋ ಬ್ಯಾಂಕಿನಲ್ಲೋ ದುಡಿದು, ಮಕ್ಕಳು ಮಲಗಿದ ಮೇಲೆ ದೀಪದ ಮುಂದೆ ಕುಳಿತು, ಐದಾರು ವರ್ಷಗಳಲ್ಲಿ ಮುನ್ನೂರು ಪುಟ ತುಂಬಿಸಿದ ಮಹನೀಯನೊಬ್ಬನು ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳುಹಿಸುವನು. ಒಬ್ಬರಿಂದ ಉತ್ತರವೇ ಬರುವುದಿಲ್ಲ. ಇನ್ನೊಬ್ಬರು ಈ ವರ್ಷದ ಯೋಜನೆ ಮುಗಿದುಹೋಯಿತೆಂದು ವಿನಯದಿಂದ ತಿಳಿಸುವರು. ಮೂರನೆಯವರು, ಅಚ್ಚಿನ ವೆಚ್ಚವನ್ನು ಲೇಖಕರೇ ವಹಿಸಿಕೊಂಡರೆ ತಮ್ಮ ಪ್ರಕಾಶನದ ಹೆಸರನ್ನು ಕೊಡಲು ಅಡ್ಡಿಯಿಲ್ಲವೆನ್ನುವರು. ಹಣ ತನ್ನದಾದ ಮೇಲೆ ಹೆಸರೂ ತನ್ನದೇ ಆಗಲಿ ಎಂಬ ವಿವೇಕ ಆಗ ಉದಿಸುತ್ತದೆ. ಮನೆದೇವರ ಹೆಸರಿನಲ್ಲೋ ಮಗಳ ಹೆಸರಿನಲ್ಲೋ ಹೊಸದೊಂದು ಪ್ರಕಾಶನ ಜನ್ಮತಾಳುತ್ತದೆ. ನಡುಮನೆಯ ಮೇಜೇ ಅದರ ಕಚೇರಿ, ಮಂಚದ ಕೆಳಭಾಗವೇ ಉಗ್ರಾಣ.

“ಮಂಚದ ಕೆಳಗೆ ಇನ್ನು ಪೊರಕೆ ಆಡುವುದಿಲ್ಲ. ಒಂದೆರಡು ಗಂಟುಗಳನ್ನಾದರೂ ಯಾರಿಗಾದರೂ ಕೊಟ್ಟುಬಿಡಿ” ಎಂದು ಮನೆಯಾಕೆ ಹೇಳಿದರೆ, ಆ ಮಾತಿನಲ್ಲಿ ಹಾಸ್ಯ ಅರ್ಧ, ಅಳಲು ಅರ್ಧ. ಆ ಗಂಟುಗಳಲ್ಲಿ ಆಕೆಯ ಎರಡು ಬಳೆಗಳೂ ಅಡಗಿವೆಯೆಂಬುದನ್ನು ಇಬ್ಬರೂ ಬಲ್ಲರು, ಇಬ್ಬರೂ ಆಡುವುದಿಲ್ಲ.

ಈ ವ್ಯಾಪಾರದ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು. ಪುಸ್ತಕದ ಬೆಲೆ 200 ರೂಪಾಯಿ, ಅಚ್ಚಾದ ಪ್ರತಿಗಳು 500, ಪ್ರತಿಯೊಂದಕ್ಕೆ ತಗಲಿದ ವೆಚ್ಚ 90 ರೂಪಾಯಿ ಎಂದಿಟ್ಟುಕೊಳ್ಳಬಹುದು. ಕೈಬಿಟ್ಟ ಹಣ 45,000 ರೂಪಾಯಿ. ಅಂಗಡಿಯವರು ನೂರಕ್ಕೆ ನಲವತ್ತರಂತೆ ಕಮಿಷನ್ ಹಿಡಿದುಕೊಂಡರೆ ಲೇಖಕನಿಗೆ ಬರುವುದು ಪ್ರತಿಗೆ 120. ಎಂದರೆ 375ನೆಯ ಪ್ರತಿ ಮಾರಾಟವಾಗುವ ತನಕ ಅವನು ತನ್ನ ಹಣವನ್ನೇ ಹಿಂದಕ್ಕೆ ಪಡೆಯುತ್ತಿರುತ್ತಾನೆ. ಉಳಿದ 125ರಲ್ಲಿ ಲಾಭವಿದೆಯಲ್ಲವೆ ಎಂದು ಸಂತೋಷಪಡುವುದಕ್ಕೆ ಮೊದಲು, ವಿಮರ್ಶೆಗಾಗಿ, ಮುನ್ನುಡಿ ಬರೆದವರಿಗಾಗಿ, ಬಿಡುಗಡೆಯ ಸಭೆಗೆ ಬಂದ ಗಣ್ಯರಿಗಾಗಿ, ಬೀಗರಿಗಾಗಿ ಹೋದ ಗೌರವಪ್ರತಿಗಳನ್ನು ಎಣಿಸಬೇಕು. ಅವು ನೂರಾದರೆ ನಿಂತದ್ದು 25 ಪ್ರತಿ, ಅವೆಲ್ಲವೂ ಮಾರಾಟವಾದರೆ ಕೈಗೆ ಹತ್ತಿದ್ದು 3,000 ರೂಪಾಯಿ. ಇದೇ ಪುಸ್ತಕವನ್ನು ಬೇರೆ ಪ್ರಕಾಶಕರು ತಂದು, ನೂರಕ್ಕೆ ಹತ್ತರ ಗೌರವಧನವನ್ನು ಎಲ್ಲ ಪ್ರತಿಗಳ ಮೇಲೂ ಕೊಟ್ಟಿದ್ದರೆ, ಕುಳಿತಲ್ಲಿಯೇ 10,000 ಬರುತ್ತಿತ್ತು. ಲಾಭನಷ್ಟಗಳನ್ನು ಬಲ್ಲ ಯಾವ ಗೃಹಸ್ಥನೂ ಈ ದಾರಿ ಹಿಡಿಯಲಾರನು.

ಹಾಗಿದ್ದೂ ಕನ್ನಡ ಕಾದಂಬರಿಯ ಚರಿತ್ರೆಯ ಮೊದಲ ಪುಟಗಳನ್ನು ತೆರೆದರೆ ಅಲ್ಲಿ ಎದುರಾಗುವವರು ಇಂತಹ ಗೃಹಸ್ಥರೇ. ಹಾವೇರಿಯ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡ ಶಾಲಾಮಾಸ್ತರರು. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಅವರ ಕಥೆಗಳು ಮನೆಮನೆಯ ಜಗಲಿಗೆ ಬಂದವು. ‘ಮಾಧವ ಕರುಣಾವಿಲಾಸ’ದಂತಹ ಐತಿಹಾಸಿಕ ಕಾದಂಬರಿಗಳನ್ನು ಓದಿದವರಿಗೆ ವಿಜಯನಗರವು ಪಾಠಪುಸ್ತಕದ ಹೆಸರಾಗಿ ಉಳಿಯದೆ ಕಣ್ಣಮುಂದಿನ ಪಟ್ಟಣವಾಯಿತು. ಕಾದಂಬರಿಯ ಪಿತಾಮಹರೆಂದು ಹೊಗಳಿಸಿಕೊಂಡ ಆ ಹಿರಿಯರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಕನ್ನಡಿಗರಲ್ಲಿ ಇಂದಿಗೂ ಉಳಿದಿದೆ. 1942ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದ ಆಸ್ತಿಯೆಂದರೆ ಅವರು ಹುಟ್ಟಿಸಿದ ಓದುಗರೇ.

ಗಳಗನಾಥರ ಕಷ್ಟವನ್ನು ಮೀರಿಸುವ ಕಷ್ಟ ನಂಜನಗೂಡಿನ ತಿರುಮಲಾಂಬ ಅವರದು. 1887ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ, ಲೋಕವೇನೆಂದು ತಿಳಿಯುವ ಮುನ್ನವೇ ವಿಧವೆಯಾದ ಹೆಣ್ಣುಮಗಳು ಆಕೆ. ಆ ಕಾಲದಲ್ಲಿ ಅಂತಹ ಹುಡುಗಿಗೆ ಹಿತ್ತಿಲ ಬಾಗಿಲೇ ಪ್ರಪಂಚದ ಎಲ್ಲೆ. ವಕೀಲರಾಗಿದ್ದ ತಂದೆಯವರು ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. 1913ರಲ್ಲಿ, ಇನ್ನೂ ಇಪ್ಪತ್ತಾರರ ಪ್ರಾಯದಲ್ಲಿ, ಆಕೆ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನೇ ಸ್ಥಾಪಿಸಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದ ಮೊದಲ ಲೇಖಕಿ, ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂಬ ಮೂರು ಬಿರುದುಗಳೂ ಒಬ್ಬರಿಗೇ ಸಂದದ್ದು ಆಕಸ್ಮಿಕವಲ್ಲ. ಮೂರನೆಯ ಕೆಲಸವನ್ನು ತಾವೇ ಮಾಡದಿದ್ದರೆ ಮೊದಲನೆಯದು ಹೊರಜಗತ್ತಿಗೆ ತಿಳಿಯುವ ಸಂಭವವೇ ಕಡಮೆಯಿತ್ತು.

ಸ್ವಾರಸ್ಯವಾದ ಹೋಲಿಕೆಯೊಂದುಂಟು. ನಂಜನಗೂಡಿನ ಗ್ರಂಥಮಾಲೆ ಆರಂಭವಾದ ನಾಲ್ಕು ವರ್ಷಗಳ ತರುವಾಯ, 1917ರಲ್ಲಿ, ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಮತ್ತು ಆಕೆಯ ಪತಿ ಲೆನರ್ಡ್ ವುಲ್ಫ್ ಒಂದು ಸಣ್ಣ ಕೈಯಚ್ಚಿನ ಯಂತ್ರವನ್ನು ಕೊಂಡು ಮನೆಯಲ್ಲಿಯೇ ಮೊಳೆ ಜೋಡಿಸತೊಡಗಿದರು. ಮನೆಯ ಹೆಸರಾದ ಹೋಗಾರ್ತ್ ಎಂಬುದೇ ಅವರ ಪ್ರಕಾಶನದ ಹೆಸರಾಯಿತು. 1922ರ ‘ಜೇಕಬ್ಸ್ ರೂಮ್’ನಿಂದ ಮೊದಲುಗೊಂಡು ಆಕೆಯ ಕಾದಂಬರಿಗಳು ಇಂಗ್ಲೆಂಡಿನಲ್ಲಿ ಅಲ್ಲಿಂದಲೇ ಹೊರಬಂದವು. ಲಂಡನ್ನಿನ ಬಳಿಯ ವಿದ್ಯಾವಂತೆಗೂ ಕಪಿಲೆಯ ತೀರದ ಬಾಲವಿಧವೆಗೂ ಪರಸ್ಪರರ ಹೆಸರು ತಿಳಿದಿದ್ದ ಸಂಭವವಿಲ್ಲ. ಆದರೆ ತನ್ನ ಮಾತಿಗೆ ಬೇರೊಬ್ಬರ ಅಪ್ಪಣೆ ಬೇಡವಾದರೆ ಅಚ್ಚಿನ ಯಜಮಾನಿಕೆಯೂ ತನ್ನಲ್ಲಿಯೇ ಇರಬೇಕೆಂಬ ಸತ್ಯವನ್ನು ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡರು.

ಅನಂತರದ ತಲೆಮಾರಿನಲ್ಲಿ ಈ ದಾರಿ ಹೆದ್ದಾರಿಯೇ ಆಯಿತೆನ್ನಬೇಕು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು, ಹೊದಿಕೆಗೆ ಚಿತ್ರವನ್ನೂ ತಾವೇ ಬರೆದರು. ಕುವೆಂಪು ಅವರ ಕೃತಿಗಳಿಗೆ ಮೈಸೂರಿನ ಅವರ ಮನೆ ‘ಉದಯರವಿ’ಯೇ ಪ್ರಕಾಶನವಾಯಿತು. ಜಿ. ಪಿ. ರಾಜರತ್ನಂ ಅವರಂತೂ ಪುಸ್ತಕದ ಚೀಲವನ್ನು ಹೊರುವುದನ್ನು ಅವಮಾನವೆಂದೆಣಿಸದೆ, ಕನ್ನಡದ ಪರಿಚಾರಿಕೆಯೆಂದು ಭಾವಿಸಿದರು. ಪೂರ್ಣಚಂದ್ರ ತೇಜಸ್ವಿಯವರು ‘ಪುಸ್ತಕ ಪ್ರಕಾಶನ’ವೆಂಬ ಅತ್ಯಂತ ನಿರಾಡಂಬರವಾದ ಹೆಸರಿನಿಂದ ತಮ್ಮ ಕೃತಿಗಳನ್ನು ತಂದರು. ಇವರೆಲ್ಲ ಬೇರೆ ಗತಿಯಿಲ್ಲದೆ ಹೀಗೆ ಮಾಡಿದವರಲ್ಲ. ಪುಟದ ಅಗಲವೆಷ್ಟು, ಬೆಲೆಯೆಷ್ಟು, ಎರಡನೆಯ ಮುದ್ರಣ ಯಾವಾಗ ಎಂಬುದನ್ನು ಬರೆದವನೇ ನಿರ್ಧರಿಸಬೇಕೆಂಬ ಹಟ ಅವರಲ್ಲಿತ್ತು.

ಹಟಕ್ಕೆ ತಕ್ಕ ದುಡಿಮೆಯೂ ಬೇಕು. ಮೊಳೆಯಚ್ಚಿನ ಕಾಲದಲ್ಲಿ ಲೇಖಕನು ಮುದ್ರಣಾಲಯದ ಬೆಂಚಿನ ಮೇಲೆ ಕುಳಿತು, ಶಾಯಿ ಇನ್ನೂ ಆರದ ಕರಡಚ್ಚನ್ನು ತಿದ್ದುತ್ತಿದ್ದನು. ಒಂದು ಫಾರಂ ಅಚ್ಚಾದ ಮೇಲೆಯೇ ಆ ಮೊಳೆಗಳನ್ನು ಬಿಚ್ಚಿ ಮುಂದಿನದಕ್ಕೆ ಜೋಡಿಸುವ ಪದ್ಧತಿ ಇದ್ದುದರಿಂದ, ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ಆಗ ಪುಸ್ತಕದ ಕೊನೆಯಲ್ಲಿ ಒಪ್ಪೋಲೆಯೊಂದನ್ನು ಅಂಟಿಸಿ ಸಮಾಧಾನ ಪಡಬೇಕಾಗಿತ್ತು. ಇಂದು ಕಂಪ್ಯೂಟರು ಬಂದು ಮೊಳೆಯ ಭಾರ ಇಳಿದಿದೆ, ಆದರೆ ತಪ್ಪುಗಳೇನೂ ಊರು ಬಿಟ್ಟುಹೋಗಿಲ್ಲ. ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದುದನ್ನು ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನ ತಪ್ಪಿ, ಓದುಗನ ತಾಳ್ಮೆಯನ್ನು ಪರೀಕ್ಷಿಸುವುದುಂಟು.

ಇಂದಿನ ಅನುಕೂಲಗಳನ್ನೂ ಮರೆಯಬಾರದು. ಬೇಡಿಕೆ ಬಂದಷ್ಟೇ ಪ್ರತಿಗಳನ್ನು ಅಚ್ಚು ಹಾಕುವ ಯಂತ್ರಗಳಿಂದಾಗಿ ಮಂಚದ ಕೆಳಗಿನ ಉಗ್ರಾಣ ಕೆಲವರಿಗೆ ಬೇಕಾಗಿಯೇ ಇಲ್ಲ. ಪುಸ್ತಕಕ್ಕೆ ಬೇಕಾದ ಅಂತರರಾಷ್ಟ್ರೀಯ ಸಂಖ್ಯೆಯನ್ನು ಭಾರತದಲ್ಲಿ ರಾಜಾ ರಾಮಮೋಹನ ರಾಯರ ಹೆಸರಿನ ಸರಕಾರಿ ಸಂಸ್ಥೆಯಿಂದ ಶುಲ್ಕವಿಲ್ಲದೆ ಪಡೆಯಬಹುದು. ಕನ್ನಡ ಪುಸ್ತಕ ಪ್ರಾಧಿಕಾರವು ಹೊಸ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸುತ್ತ ಬಂದಿದೆ. ಅಂಚೆಯ ವಿಷಯದಲ್ಲಿ ಮಾತ್ರ ಏರಿಳಿತಗಳಾದವು. ಸಣ್ಣ ಪ್ರಕಾಶಕರಿಗೆ ಆಧಾರವಾಗಿದ್ದ ಅಗ್ಗದ ಬುಕ್ ಪೋಸ್ಟ್ ಸೌಲಭ್ಯವು 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ ತಿಂಗಳಿನಲ್ಲಿ ವಿದ್ಯಾಭ್ಯಾಸ, ಸಂಸ್ಕೃತಿ ಮುಂತಾದ ವಿಷಯಗಳ ಪುಸ್ತಕಗಳಿಗಾಗಿ ‘ಜ್ಞಾನ ಪೋಸ್ಟ್’ ಎಂಬ ಹೊಸ ವ್ಯವಸ್ಥೆ ಬಂದಿತು.

ಇಷ್ಟೆಲ್ಲ ಸೌಕರ್ಯಗಳಿದ್ದರೂ ಎರಡು ಅಪಾಯಗಳು ಹಾಗೆಯೇ ಉಳಿದಿವೆ. ಮೊದಲನೆಯದು, ಬೇಡವೆನ್ನುವವರು ಇಲ್ಲದಿರುವುದು. ಒಳ್ಳೆಯ ಪ್ರಕಾಶಕನು ಹಣ ಹಾಕುವುದಷ್ಟೇ ಅಲ್ಲದೆ, ಹನ್ನೆರಡನೆಯ ಅಧ್ಯಾಯ ಅನವಶ್ಯಕವೆಂದು ಮುಖಕ್ಕೆ ಹೊಡೆದಂತೆ ಹೇಳುವ ಉಪಕಾರವನ್ನೂ ಮಾಡುತ್ತಾನೆ. ತನಗೆ ತಾನೇ ಪ್ರಕಾಶಕನಾದವನಿಗೆ ಆ ಉಪಕಾರ ಮಾಡುವವರಾರು? ಮಿತ್ರರು ಹೊಗಳುವರು, ಬಂಧುಗಳು ಓದದೆಯೇ ಹೊಗಳುವರು. ಆದಕಾರಣ ಜಾಣನಾದ ಲೇಖಕನು ಅಚ್ಚಿಗೆ ಕೊಡುವ ಮೊದಲು, ತನ್ನನ್ನು ಮೆಚ್ಚಿಸಬೇಕಾದ ಹಂಗಿಲ್ಲದ ಒಬ್ಬ ಓದುಗನನ್ನು ಹುಡುಕಿಕೊಳ್ಳುವನು. ಗೌರವಧನ ಕೊಟ್ಟು ಸಂಪಾದಕರೊಬ್ಬರಿಂದ ತಿದ್ದಿಸಿಕೊಂಡರಂತೂ ಇನ್ನೂ ಉತ್ತಮ. ಹೊದಿಕೆಯ ಹೊಳಪಿಗೆ ಸುರಿಯುವ ಹಣದಲ್ಲಿ ಅರ್ಧವನ್ನು ಈ ಕೆಲಸಕ್ಕೆ ಮೀಸಲಿಟ್ಟರೆ ಪುಸ್ತಕಕ್ಕೂ ಕ್ಷೇಮ, ಕೊಂಡವನಿಗೂ ಕ್ಷೇಮ.

ಎರಡನೆಯ ಅಪಾಯ ಇದಕ್ಕಿಂತ ಗಂಭೀರವಾದುದು. ಬರೆದವನೇ ಪ್ರಕಾಶಕನಾದಾಗ, ಬರೆದವನು ಬಳಲಿದ ದಿನ ಪ್ರಕಾಶನವೂ ಮುಚ್ಚುತ್ತದೆ. ಮರುಮುದ್ರಣ ಮಾಡಿಸುವವರಿಲ್ಲ, ಇಂತಹ ಪುಸ್ತಕವೊಂದಿತ್ತೆಂದು ನೆನಪಿಸುವವರೂ ಇಲ್ಲ. ತಿರುಮಲಾಂಬ ಅವರ ಬಾಳಿನ ಉತ್ತರಾರ್ಧವೇ ಇದಕ್ಕೆ ಸಾಕ್ಷಿ. ಒಂದು ಕಾಲದಲ್ಲಿ ಮನೆಮನೆಯ ಹೆಂಗಳೆಯರು ಓದಿದ ಆ ಲೇಖಕಿ, ಬರವಣಿಗೆಯನ್ನು ನಿಲ್ಲಿಸಿದ ಮೇಲೆ ದಶಕಗಳ ಮೌನದಲ್ಲಿ ಮರೆಯಾದರು. ಆಕೆ ಮದರಾಸಿನಲ್ಲಿ ಬದುಕಿರುವರೆಂಬುದನ್ನು ಅರಸಿಕೊಂಡು ಹೋಗಿ ಕಂಡು, ಕನ್ನಡಕ್ಕೆ ಮತ್ತೆ ನೆನಪಿಸಿದವರು ಚಿ. ನ. ಮಂಗಳಾ ಅವರು. 1982ರಲ್ಲಿ ತಿರುಮಲಾಂಬ ತೀರಿಕೊಂಡಾಗ ಅವರಿಗೆ ತೊಂಬತ್ತೈದು ವರ್ಷ. ಯಾವುದೋ ಗ್ರಂಥಾಲಯದ ಕಪಾಟಿನಲ್ಲಿ ಹಳೆಯ ಪ್ರತಿಗಳು ಉಳಿಯದಿದ್ದರೆ ಆಕೆಯ ಹೆಸರೊಂದೇ ಉಳಿಯುತ್ತಿತ್ತು, ಮಾತು ಉಳಿಯುತ್ತಿರಲಿಲ್ಲ.

ಆದ್ದರಿಂದಲೇ ಅನೇಕರು ಕಾಟವೆಂದು ಕಡೆಗಣಿಸುವ ಒಂದು ಕಾನೂನು ಇಂತಹ ಲೇಖಕರ ಪಾಲಿಗೆ ವರದಾನ. 1954ರ ಕಾಯಿದೆಯ ಪ್ರಕಾರ, ಪುಸ್ತಕ ಪ್ರಕಟವಾದ ಮೂವತ್ತು ದಿನಗಳೊಳಗೆ ಕೋಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಗಳಲ್ಲಿ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕನು ಸ್ವಂತ ಖರ್ಚಿನಲ್ಲಿ ಕಳುಹಿಸಬೇಕು. ಐದು ನೂರರಲ್ಲಿ ನಾಲ್ಕು ಪ್ರತಿ ಹೋದರೆ ಬಡತನವೇನೂ ಹೆಚ್ಚದು. ಮಂಚದ ಕೆಳಗಿನ ಪ್ರತಿಗಳಿಗೆ ಗೆದ್ದಲು ಬಂದೀತು, ಬೀಗರ ಮನೆಯ ಪ್ರತಿ ರದ್ದಿಗೆ ಹೋದೀತು. ಐವತ್ತು ವರ್ಷಗಳ ಮೇಲೆ ಯಾವಳೋ ಸಂಶೋಧಕಿಯ ಕೈಗೆ ಸಿಕ್ಕುವುದು ಆ ನಾಲ್ಕರಲ್ಲಿ ಒಂದು.

ಇನ್ನು ಓದುಗರ ಕರ್ತವ್ಯದ ಮಾತೊಂದಿದೆ. ಪರಿಚಿತನು ಕಾದಂಬರಿ ಬರೆದು ಅಚ್ಚು ಹಾಕಿಸಿದನೆಂದು ಕೇಳಿದೊಡನೆ “ನಮಗೊಂದು ಪ್ರತಿ ಇಲ್ಲವೇನಯ್ಯಾ?” ಎಂದು ಸಲಿಗೆಯಿಂದ ಕೈಚಾಚುವುದು ವಾಡಿಕೆ. ಕೇಳುವವರಿಗೆ ಅದು ಪ್ರೀತಿಯ ಮಾತಾದರೆ, ಕೊಡುವ ಮನೆಯಲ್ಲಿ ಅದಕ್ಕೆ ಬೆಲೆ ಕಟ್ಟಿದೆ. ಮದುವೆಯ ಮನೆಗೆ ಮುಯ್ಯಿ ಒಯ್ಯುವಂತೆ, ಪುಸ್ತಕದ ಮನೆಗೆ ಅದರ ಬೆಲೆಯನ್ನು ಒಯ್ಯುವ ಸಂಪ್ರದಾಯವೊಂದು ಕನ್ನಡಿಗರಲ್ಲಿ ಬೆಳೆದರೆ, ಹೊಗಳಿಕೆಯ ಹಂಗಿಲ್ಲದೆಯೇ ಎಷ್ಟೋ ಕಾದಂಬರಿಗಳು ಎರಡನೆಯ ಮುದ್ರಣವನ್ನು ಕಂಡಾವು. ಕೊಂಡು ಓದಿದವನಿಗೆ, ಹನ್ನೆರಡನೆಯ ಅಧ್ಯಾಯ ಅನವಶ್ಯಕವೆಂದು ಹೇಳುವ ಹಕ್ಕೂ ತಾನಾಗಿಯೇ ಬರುತ್ತದೆ.